ಮೂವತ್ತೈದರಲ್ಲಿ ಒಂದು ಪಾಲು

ಬೆಂಡಿಗೋದ ಟ್ರಾಮು ಗಂಟೆ ಬಾರಿಸಿ ತಿರುಗುವ ಮೂಲೆಯ ಅಂಗಡಿಗೆ
ಈ ವಾರ ಹೊಸ ಕಿಟ್ಟುಗಳು ಬಂದಿವೆ.
ಸರಪಳಿಗೇ ನೂರ ಎಂಬತ್ತು ಕೊಂಡಿಯಿರುವ ಟ್ಯಾಂಕು,
ಬಾಗಿಲು ತೆರೆದು ಮುಚ್ಚಬಹುದಾದ ಉಕ್ಕಿನ ಗಾಡಿ,
ಮಂಡಿಯೂರಿ ಗುರಿಯಿಟ್ಟ ನಾಲ್ವರು.
ಲೈಲ್ ಟ್ರೆಗೀರ್ ಅವನ್ನೆಲ್ಲ ದಾಟಿ
ಕೆಳಗಿನ ಹಲಗೆಯಿಂದ ಒಂದು ಡಬ್ಬಿ ಎಳೆದ.
ಅಡುಗೆಯ ಲಾರಿ. ಜೊತೆಗೆ ಐವರು.
ಅದರಲ್ಲೊಬ್ಬ ಕುಕ್ಕರುಗಾಲಲ್ಲಿ ಕೂತು
ಆಲೂಗಡ್ಡೆ ಸುಲಿಯುತ್ತಾನೆ.

"ಐವತ್ತು ವರ್ಷ ಕಾದೆ," ಅಂದ, ನೋಟು ಎಣಿಸುತ್ತ,
"ಗುಂಡು ಹಾರಿಸದವನನ್ನೂ ಯಾರಾದರೂ ಅಚ್ಚಿಗೆ ಹೊಯ್ಯಲಿ ಅಂತ."

ನಾನು ಹಲ್ಲಿನ ಸೆಟ್ಟು ಮಾಡುವವಳು.
ಈ ಊರಿನ ಎಷ್ಟೋ ಮುದುಕರ ನಗು
ನನ್ನ ಮೇಜಿನ ಮೇಲೆ ಮೇಣದಲ್ಲಿ ಹುಟ್ಟಿದ್ದು. ಲೈಲನದೂ.
ಅವನ ಕೈ ಈಗ ನಡುಗುತ್ತದೆ. ಕುಂಚ ಹಿಡಿದರೆ
ಸಿಪಾಯಿಯ ಹುಬ್ಬು ಕಿವಿಗೆ ಹೋಗಿ ಕೂರುತ್ತದೆ.
ಅದಕ್ಕೇ ಭಾನುವಾರದ ಕ್ಲಬ್ಬಿನಲ್ಲಿ
ಅವನು ಹೇಳುವುದು, ನಾನು ಬಳಿಯುವುದು.

ಮೊದಲ ದಿನವೇ ಚಿಮಟದಿಂದ ಸೌಟು ಹಾರಿತು.
ಇಬ್ಬರೂ ನೆಲಕ್ಕೆ ಕೆನ್ನೆ ಹಚ್ಚಿ, ಟಾರ್ಚು ಬಿಟ್ಟು, ಅರ್ಧ ಗಂಟೆ.
ಸಿಕ್ಕಿದ್ದು ಯಾರದೋ ವಿಮಾನದ ಚಕ್ರ, ಒಂದು ಸತ್ತ ಜೇಡ.
ಹಲ್ಲಿಗೆ ಕೊಕ್ಕೆ ಹಾಕುವ ತಂತಿಯಲ್ಲಿ
ಬೇರೆ ಸೌಟು ಬಗ್ಗಿಸಿಕೊಟ್ಟೆ.

ಬಂದೂಕನ್ನು ಮಾತ್ರ ಕತ್ತರಿಸಲೇ ಬಿಡಲಿಲ್ಲ.
ಸೂಚನೆಯ ಹಾಳೆ ಹೇಳುತ್ತದೆ: ಭಾಗ ಹದಿನೇಳು,
ಅಡುಗೆಯವನ ಬೆನ್ನಿಗೆ ಅಂಟಿಸಿ.
"ನನ್ನದು ಟೆಂಟಿನ ಕಂಬಕ್ಕೆ ನೇತಾಡುತ್ತಿತ್ತು.
ಒದ್ದೆ ಟವೆಲು ಒಣಹಾಕಲು ಒಳ್ಳೆಯದು."

ಮಣ್ಣು ಬೂದು ಅಂತ ಬರೆದಿದೆ ಡಬ್ಬಿಯ ಮೇಲೆ.
"ವಿಯೆಟ್ನಾಮಿನಲ್ಲಿ ನಾವಿದ್ದ ಕಡೆ ಕೆಂಪು.
ಉಗುರಲ್ಲಿ ಕೂತರೆ ಕ್ರಿಸ್‌ಮಸ್‌ವರೆಗೂ ಹೋಗದು."
ಇಟ್ಟಿಗೆಯ ಬಣ್ಣ ಬೆರೆಸಿದೆ. "ಇನ್ನೂ," ಅಂದ.
ಮತ್ತೆ ಬೆರೆಸಿದೆ. "ಇನ್ನೂ."
ಮೂರನೆಯ ಸಲ ಏನೂ ಅನ್ನಲಿಲ್ಲ.
ಎದ್ದು ಹೋಗಿ ಕೆಟಲಿಗೆ ನೀರು ತುಂಬಿಸಿದ.

ಹಂಡೆಯೊಳಗಿನ ಸೂಪಿಗೆ ಕಂದು ಕಲಸಿಟ್ಟಿದ್ದೆ. ತಲೆಯಾಡಿಸಿದ.
"ಬಟಾಣಿ. ಪುಡಿಯಿಂದ ಮಾಡಿದ್ದು.
ಯಾರೂ ಹೊಗಳಿದ ಬಣ್ಣವಲ್ಲ ಅದು."

ಆಮೇಲೆ ಆಲೂಗಡ್ಡೆ ಎಣಿಸಿದ. ಆರೇ ಆರು.
"ಆರು! ಇವರಿಗೇನು ಗೊತ್ತು.
ದಿನಕ್ಕೆ ಮೂರು ಚೀಲ ಸುಲಿದವನು ನಾನು.
ಗಸ್ತಿಗೆ ಹೋದವರು ತಡವಾದ ಸಂಜೆ
ಬೇಲಿಯ ಕಡೆ ನೋಡಬಾರದು ಅಂತ
ನಾಳೆಯದನ್ನೂ ಸುಲಿದಿಟ್ಟಿದ್ದಿದೆ."

ಮನೆಗೆ ಬಂದು ಒಗ್ಗರಣೆ ಡಬ್ಬಿ ತೆಗೆದೆ.
ಸಾಸಿವೆ. ಅಳೆದರೆ ಹತ್ತಿರ ಹತ್ತಿರ ಎರಡು ಮಿಲಿಮೀಟರು;
ಮೂವತ್ತೈದರಿಂದ ಗುಣಿಸು, ಒಳ್ಳೇ ಗಡ್ಡೆ.
ಸಾವಿಲ್ಲದ ಮನೆಯದೇನಲ್ಲ,
ಟ್ರಾಮಿನ ಹಾದಿಯ ಅಂಗಡಿಯದು, ಪೊಟ್ಟಣಕ್ಕೆ ನಾಲ್ಕು ಡಾಲರು.
ಒಂದು ಹಿಡಿಗೆ ಮಣ್ಣಿನ ಬಣ್ಣ ಹಚ್ಚಿದೆ.
ಸುಲಿದವಕ್ಕೆ ಹಲ್ಲಿನ ಬಿಳಿ, ಶೇಡು ಎ-ಮೂರು,
ಲೈಲನ ಬಾಯಲ್ಲಿರುವುದೇ.
ಟೀ ಚೀಲದ ಬಟ್ಟೆ ಹೊಲಿದು ಮೂರು ಗೋಣಿ.

ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದ.
"ಒಂದರಲ್ಲೂ ಕಣ್ಣಿಲ್ಲ," ಅಂದ. "ಆಲೂಗಡ್ಡೆಗೆ ಕಣ್ಣಿರುತ್ತದೆ."
ಅಷ್ಟೇ. ಮೆಚ್ಚಿದನೋ ಇಲ್ಲವೋ ತಿಳಿಯಲಿಲ್ಲ.
ಭಾಗ ಹದಿನೇಳು ಕಡ್ಡಿಯ ಚೌಕಟ್ಟಿನಲ್ಲೇ ಉಳಿಯಿತು,
ಡಬ್ಬಿಯ ಮುಚ್ಚಳ ಅದರ ಮೇಲೆ ಕೂತಿತು.

ಮುಂದಿನ ಶನಿವಾರ ಊಟಕ್ಕೆ ಕರೆದಿದ್ದೆ.
ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದ.
ಕಾದ ಎಣ್ಣೆಗೆ ಉಳಿದ ಸಾಸಿವೆ ಬಿತ್ತು, ಚಟಪಟ ಚಟಪಟ,
ಬೆಚ್ಚುತ್ತಾನೇನೋ ಅಂತ ಅವನ ಮುಖವನ್ನೇ ನೋಡಿದೆ.

"ಉರಿ ಜಾಸ್ತಿಯಾಯಿತು," ಅಂದ ಲೈಲ್.